ಒಂದು ಸೆಂಟ್‌ನ ಮೇಜಿಗೆ ಮತ್ತೆ

ಪ್ರಶ್ನೆ: ನಾನು ಮಂಡ್ಯದವನು, ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಪೋಕರ್ ಎಂಬ ಪಣದ ಇಸ್ಪೀಟಾಟದ ದೊಡ್ಡ ಆನ್‌ಲೈನ್ ತಾಣಗಳ ಮೇಲೆ ಕ್ರಮ ಕೈಗೊಂಡಾಗ ಆಟ ಬಿಟ್ಟೆ. ಈಗ ಬಿಡುವಿದೆ. ಸಣ್ಣ ಮೊತ್ತದಲ್ಲಿ ಮತ್ತೆ ಶುರು ಮಾಡಲೇ?

ಉತ್ತರ: ಧಾರಾಳವಾಗಿ ಮಾಡಿ. ನಿಮ್ಮ ರಾಜ್ಯದಲ್ಲಿ 2013ರ ನವೆಂಬರ್‌ನಿಂದ ಪರವಾನಗಿ ಪಡೆದ ತಾಣಗಳಿವೆ. ಊರಿಗೆ ಬಂದಾಗ ಮಾತ್ರ ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ.

ಕಡ್ಡಾಯ ಪಣ ಒಂದು–ಎರಡು ಸೆಂಟ್ ಇರುವ ಮೇಜಿನಲ್ಲಿ ಕೂರಲು ಎರಡು ಡಾಲರ್ ಸಾಕು. ಅರವತ್ತು ಡಾಲರ್ ತೆಗೆದಿಡಿ, ಮನೆಯವರಿಗೂ ಹೇಳಿ. ತಾಣದಲ್ಲೇ ಠೇವಣಿಯ ಮಿತಿಯನ್ನು ಮೊದಲ ದಿನವೇ ಹಾಕಿಕೊಳ್ಳಿ. ಇದು ನನ್ನ ಕಳಕಳಿಯ ಮಾತು.

ನೀವು ಬಿಟ್ಟ ಆಟ ಈಗಿಲ್ಲ. ಲೆಕ್ಕ ಹಾಕಿ ಸರಿಯಾದ ನಡೆ ತೋರಿಸುವ ತಂತ್ರಾಂಶಗಳು ಬಂದು ಎಳೆಯರು ಪಳಗಿದ್ದಾರೆ. ಆದರೂ ಕೆಳಹಂತದಲ್ಲಿ ಹಳೆಯ ಜಾಣತನ ನಡೆಯುತ್ತದೆ. ಒಂಬತ್ತು ಜನರ ಮೇಜಿನಲ್ಲಿ ಎಲ್ಲರಿಗಿಂತ ಮೊದಲು ನಿರ್ಧಾರ ಹೇಳುವ ಸ್ಥಾನದಲ್ಲಿದ್ದೀರಿ, ಕೈಯಲ್ಲಿ ಆಟೀನು ಎಕ್ಕ, ಕಳಾವರ್ ಗುಲಾಮ. ಚೆಂದ ಕಾಣುತ್ತದೆ, ಬಿಟ್ಟುಬಿಡಿ. ಅದೇ ಕೈ, ನಂತರದ ಸುತ್ತುಗಳಲ್ಲಿ ಕೊನೆಗೆ ನಿರ್ಧಾರ ಹೇಳುವ ಡೀಲರ್ ಸ್ಥಾನದಲ್ಲಿ ಬಂದು, ನಿಮಗಿಂತ ಮೊದಲಿನವರೆಲ್ಲ ಬಿಟ್ಟಿದ್ದರೆ ಪಣ ಏರಿಸಿ. ಅಷ್ಟೊತ್ತು ಸುಮ್ಮನೆ ಪಣ ಸರಿಗಟ್ಟುತ್ತಿದ್ದವರು ಕೊನೆಯ ಎಲೆಗೆ ದಿಢೀರನೆ ಏರಿಸಿದರೆ, ನಿಮ್ಮ ಒಂದು ಜೋಡಿಯನ್ನು ಕೆಳಗಿಡಿ. ಈ ಮೇಜುಗಳಲ್ಲಿ ಕೈಯಲ್ಲಿ ಏನೂ ಇಲ್ಲದೆ ಹಾಗೆ ಏರಿಸಿ ಹೆದರಿಸುವುದು ಅಪರೂಪ.

ಗೆದ್ದ ಹಣದಲ್ಲಿ ತಾಣ ಒಂದಿಷ್ಟು ಮುರಿದುಕೊಳ್ಳುತ್ತದೆ. ಸಣ್ಣ ಮೇಜಿನಲ್ಲಿ ಆ ಹೊರೆ ಹೆಚ್ಚು. ಹಾಗಾಗಿ ಸಂಪಾದನೆಯ ಆಸೆ ಇಟ್ಟುಕೊಳ್ಳಬೇಡಿ. ಸೋತದ್ದನ್ನು ಅದೇ ರಾತ್ರಿ ವಾಪಸು ಪಡೆಯಬೇಕೆನಿಸಿದರೆ ಮೇಜು ಬಿಟ್ಟೇಳಿ.