ರಿಪೋರ್ಟ್‌ನಲ್ಲಿ ಸ್ಟಾರ್ ಬಿದ್ದರೆ ಕಾಯಿಲೆ ಅಂತಲಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 62 ವರ್ಷ. ನಾಲ್ಕು ದಿನದಿಂದ ಜ್ವರ, ಕೆಮ್ಮು, ಸರಿಯಾಗಿ ಊಟ ಇಲ್ಲ ಅಂತ ಆಸ್ಪತ್ರೆಗೆ ಸೇರಿಸಿದೆವು. ಸಿಬಿಸಿ, ಇಎಸ್‌ಆರ್, ಸಿಆರ್‌ಪಿ, ಕಿಡ್ನಿ, ಲಿವರ್ ಎಲ್ಲ ಟೆಸ್ಟ್ ಮಾಡಿಸಿದರು. ಇಎಸ್‌ಆರ್ 28 ಅಂತಲೂ ಲಿಂಫೋಸೈಟ್ ಶೇಕಡಾ ಕಮ್ಮಿ ಅಂತಲೂ, ನಾರ್ಮಲ್ ರೇಂಜ್‌ನ ಹೊರಗಿದೆ ಅನ್ನೋ ಸ್ಟಾರ್ ಗುರುತು ಬಿದ್ದಿತ್ತು. ಡಾಕ್ಟರು ಅದನ್ನು ನೋಡಿ ‘ಏನೂ ತೊಂದರೆ ಇಲ್ಲ’ ಅಂದರು. ಆದರೆ ನಾರ್ಮಲ್ ಅಂತಲೇ ಬಂದಿದ್ದ ಕ್ರಿಯಾಟಿನಿನ್ 1.1 ನೋಡಿ, ಹಳೇ ರಿಪೋರ್ಟ್ ತರಿಸಿ, ಮಾರನೇ ದಿನ ಮತ್ತೆ ರಕ್ತ ತೆಗೆಸಿದರು. ಇದು ಉಲ್ಟಾ ಅಲ್ವಾ?

ಉತ್ತರ: ಉಲ್ಟಾ ಏನಿಲ್ಲ. ಸರಿಯಾಗಿಯೇ ನೋಡಿದ್ದಾರೆ.

ಮೊದಲು ಈ ಸ್ಟಾರ್ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ. ಆರೋಗ್ಯವಾಗಿರುವ ಸಾಕಷ್ಟು ಜನರ ರಕ್ತ ಪರೀಕ್ಷಿಸಿ, ನಡುವಿನ 95% ಜನರ ಅಂಕಿ ಎಲ್ಲಿಂದ ಎಲ್ಲಿವರೆಗೆ ಇದೆಯೋ ಅದನ್ನೇ ಸಾಮಾನ್ಯವಾಗಿ ನಾರ್ಮಲ್ ರೇಂಜ್ ಅಂತ ಹಾಕುತ್ತಾರೆ. ಅಂದರೆ ಯಾವ ಕಾಯಿಲೆಯೂ ಇಲ್ಲದ 100 ಜನರಲ್ಲಿ 5 ಜನ ಲೆಕ್ಕದ ಪ್ರಕಾರವೇ ರೇಂಜ್‌ನ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಒಟ್ಟಿಗೆ ಮಾಡಿಸಿದರೆ, ಗಟ್ಟಿಮುಟ್ಟಾಗಿರುವ ಮನುಷ್ಯನಿಗೂ ಒಂದಾದರೂ ಸ್ಟಾರ್ ಬೀಳುವ ಸಾಧ್ಯತೆ ಸುಮಾರು 64%. ಸ್ಟಾರ್ ಹಾಕುವುದು ಕಂಪ್ಯೂಟರ್. ಹಾಸಿಗೆ ಮೇಲೆ ಮಲಗಿರುವವರು ಯಾರು, ಯಾಕೆ ಬಂದರು ಅಂತ ಅದಕ್ಕೆ ಗೊತ್ತಿಲ್ಲ.

ಇನ್ನು ನಿಮ್ಮ ತಂದೆಯ ಎರಡು ಸ್ಟಾರ್. ಇಎಸ್‌ಆರ್ ಅಂದರೆ ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ಏರುವ ಅಂಕಿ; ಅದು ವಯಸ್ಸಿನ ಜೊತೆಯೂ ಏರುತ್ತದೆ. ಗಂಡಸರಿಗೆ ವಯಸ್ಸಿನ ಅರ್ಧದವರೆಗೆ ಪರವಾಗಿಲ್ಲ ಅನ್ನೋದು ಡಾಕ್ಟರುಗಳ ಒಂದು ಅಂದಾಜು ಲೆಕ್ಕ. 62ರ ಅರ್ಧ 31, ಇವರದ್ದು 28, ಅದರ ಮೇಲೆ ಜ್ವರ ಬೇರೆ. ಲಿಂಫೋಸೈಟ್ ಕಥೆ ಇನ್ನೂ ಸುಲಭ. ಅದು ಒಂದು ಬಗೆಯ ಬಿಳಿ ರಕ್ತಕಣ, ಸ್ಟಾರ್ ಬಿದ್ದಿರುವುದು ಅದರ ಶೇಕಡಾ ಲೆಕ್ಕಕ್ಕೆ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಜಾಸ್ತಿಯಾಗುತ್ತದೆ, ಒಟ್ಟು 100ರಲ್ಲಿ ಅದರ ಪಾಲು ಏರಿದರೆ ಲಿಂಫೋಸೈಟ್ ಪಾಲು ತಾನಾಗಿಯೇ ಇಳಿಯುತ್ತದೆ, ನಿಜವಾದ ಸಂಖ್ಯೆ ಇದ್ದಷ್ಟೇ ಇದ್ದರೂ. ಹಾಗಾಗಿ ಶೇಕಡಾ ಪಕ್ಕದಲ್ಲಿ ನಿಜವಾದ ಸಂಖ್ಯೆಯೂ ಇದ್ದರೆ ಅದನ್ನು ನೋಡಬೇಕು.

ಕ್ರಿಯಾಟಿನಿನ್‌ಗೆ ಬರೋಣ. ಇದು ಸ್ನಾಯುಗಳಿಂದ ಬರುವ ಕಸ, ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೈಕೈ ತುಂಬಿಕೊಂಡಿರುವವರಿಗೆ 1.1 ಏನೂ ಅಲ್ಲ. ಆದರೆ ಹಳೇ ರಿಪೋರ್ಟ್‌ನಲ್ಲಿ 0.7 ಇದ್ದವರಿಗೆ ಜ್ವರ ಬಂದ ನಾಲ್ಕೇ ದಿನದಲ್ಲಿ 1.1 ಆದರೆ ಅದು ಒಂದೂವರೆ ಪಟ್ಟಿಗಿಂತ ಜಾಸ್ತಿ. ಏಳು ದಿನದೊಳಗೆ ಒಂದೂವರೆ ಪಟ್ಟು, ಅಥವಾ 48 ಗಂಟೆಯಲ್ಲಿ 0.3 ಏರಿದರೆ, ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಿದೆ ಅಂತ ಲೆಕ್ಕ ಹಾಕುತ್ತಾರೆ. ರೇಂಜ್ ಒಳಗೇ ಇದ್ದರೂ ಸರಿ! ನಿಮ್ಮ ತಂದೆಯ ಹಳೇ ಅಂಕಿ ನೀವು ಬರೆದಿಲ್ಲ, ಆದರೆ ಡಾಕ್ಟರು ಹಳೇ ರಿಪೋರ್ಟ್ ತರಿಸಿದ್ದು ಇಂಥದ್ದೇ ಏರಿಕೆ ಇದೆಯಾ ಅಂತ ನೋಡೋಕೆ. ಊಟ ನೀರು ಬಿಟ್ಟು ಮೈ ಒಣಗಿರಬಹುದು, ಮನೆಯಲ್ಲಿ ಜ್ವರಕ್ಕೆ ಅಂತ ನೋವಿನ ಮಾತ್ರೆ ನುಂಗಿರಬಹುದು. ಇವನ್ನೆಲ್ಲ ಕೇಳಿ, ನೀರಿನಂಶ ಸರಿಮಾಡಿ, ಮಾತ್ರೆ ನಿಲ್ಲಿಸಿ, ಮಾರನೇ ದಿನ ಅಂಕಿ ಇಳಿಯಿತಾ ನೋಡುತ್ತಾರೆ. ಆ ಎರಡನೇ ಟೆಸ್ಟ್‌ಗೆ ಒಂದು ಸ್ಪಷ್ಟ ಪ್ರಶ್ನೆ ಇದೆ. ಪ್ರಶ್ನೆ ಇಲ್ಲದೆ ಮಾಡಿಸುವ ಟೆಸ್ಟ್ ಬಗ್ಗೆಯೇ ನನಗೆ ತಕರಾರು.

ಇನ್ನೊಂದು ಮಾತು. ದಯವಿಟ್ಟು ಹಳೇ ರಿಪೋರ್ಟ್‌ಗಳನ್ನು ಬಿಸಾಡಬೇಡಿ. ಎಷ್ಟೋ ಸಲ ಹೊಸ ಟೆಸ್ಟ್‌ಗಿಂತ ಅದೇ ಜಾಸ್ತಿ ಹೇಳುತ್ತದೆ.

ಪ್ರಶ್ನೆ: ಅಮ್ಮನಿಗೆ ಎದೆನೋವು ಅಂತ ಹೋದಾಗ ಟ್ರೊಪೋನಿನ್ ಟೆಸ್ಟ್ ನಾರ್ಮಲ್ ಬಂತು. ಆದರೂ ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದರು. ಬಿಲ್ ಏರಿಸೋಕಾ?

ಉತ್ತರ: ಇಲ್ಲಿ ಅಲ್ಲ. ಟ್ರೊಪೋನಿನ್ ಅಂದರೆ ಹೃದಯದ ಸ್ನಾಯುವಿನ ಒಳಗಿರುವ ಒಂದು ಪ್ರೋಟೀನ್. ಸ್ನಾಯುವಿಗೆ ಪೆಟ್ಟಾದ ತಕ್ಷಣ ಅದು ರಕ್ತದಲ್ಲಿ ಕಾಣುವುದಿಲ್ಲ, ಸ್ವಲ್ಪ ಸಮಯ ಬೇಕು. ನೋವು ಶುರುವಾದ ಕೂಡಲೇ ಆಸ್ಪತ್ರೆ ತಲುಪಿದವರಿಗೆ ಮೊದಲ ಸ್ಯಾಂಪಲ್ ನಾರ್ಮಲ್ ಬಂದರೂ ನಂಬುವಂತಿಲ್ಲ. ಕಿಡ್ನಿ ಕಾಯಿಲೆ ಇರುವವರಲ್ಲಿ ಇದು ಯಾವಾಗಲೂ ಸ್ವಲ್ಪ ಜಾಸ್ತಿಯೇ ಇರಬಹುದು, ಅವರಿಗೂ ಒಂದೇ ಅಂಕಿ ಸಾಕಾಗುವುದಿಲ್ಲ. ಎರಡು ಅಂಕಿಗಳ ನಡುವೆ ಏರಿಕೆ ಇಳಿಕೆ ಇದೆಯಾ ಅನ್ನೋದೇ ಮುಖ್ಯ, ಅದನ್ನೂ ಇಸಿಜಿ ಮತ್ತು ನೋವಿನ ಸ್ವಭಾವದ ಜೊತೆ ಇಟ್ಟು ನೋಡುತ್ತಾರೆ.

ಹಾಗಂತ ದಿನಾ ಬೆಳಗ್ಗೆ ಅಭ್ಯಾಸಬಲದಿಂದ ಎಲ್ಲ ಟೆಸ್ಟ್ ಬರೆಯುವುದನ್ನು ನಾನು ಒಪ್ಪುವುದಿಲ್ಲ. ತುಂಬಾ ದಿನ ಆಸ್ಪತ್ರೆಯಲ್ಲಿರುವವರಿಗೆ ಬರೀ ರಕ್ತ ತೆಗೆದು ತೆಗೆದೇ ಹಿಮೋಗ್ಲೋಬಿನ್ ಇಳಿಯುವುದುಂಟು. ‘ಇವತ್ತಿನ ಟೆಸ್ಟ್‌ನಿಂದ ಚಿಕಿತ್ಸೆಯಲ್ಲಿ ಏನು ಬದಲಾಗಬಹುದು?’ ಅಂತ ಡಾಕ್ಟರನ್ನು ಕೇಳಿ. ಇದರಲ್ಲಿ ಮುಜುಗರ ಪಡುವಂಥದ್ದೇನಿಲ್ಲ.

ಪ್ರಶ್ನೆ: ಸಂಜೆ ಪೊಟ್ಯಾಸಿಯಂ 6.1 ಬಂತು ಅಂತ ಎಲ್ಲರೂ ಗಾಬರಿಯಾದರು. ಮತ್ತೆ ತೆಗೆದರೆ 4.3! ಲ್ಯಾಬ್ ಮೆಷಿನ್ ಕೆಟ್ಟಿದೆ ಅಂತಲಾ?

ಉತ್ತರ: ಮೆಷಿನ್ ಸರಿಯಾಗಿಯೇ ಇರಬಹುದು. ಲ್ಯಾಬ್ ತಪ್ಪುಗಳಲ್ಲಿ ಹೆಚ್ಚಿನವು ಸ್ಯಾಂಪಲ್ ಮೆಷಿನ್ ಒಳಗೆ ಹೋಗುವ ಮೊದಲೇ ಆಗಿರುತ್ತವೆ. ಪೊಟ್ಯಾಸಿಯಂ ಜಾಸ್ತಿ ಇರುವುದು ಜೀವಕೋಶಗಳ ಒಳಗೆ. ರಕ್ತ ತೆಗೆಯುವಾಗ ಸಿರಿಂಜನ್ನು ಜೋರಾಗಿ ಎಳೆದರೆ, ಟ್ಯೂಬ್ ಕುಲುಕಿದರೆ ಕೆಂಪು ರಕ್ತಕಣ ಒಡೆದು ಅದೆಲ್ಲ ಹೊರಗೆ ಬರುತ್ತದೆ. ಸ್ಯಾಂಪಲ್ ಗಂಟೆಗಟ್ಟಲೆ ಹಾಗೇ ಬಿದ್ದಿದ್ದರೂ, ಮುಷ್ಟಿ ಬಿಗಿ ಹಿಡಿದು ಬಿಟ್ಟು ಮಾಡಿದ್ದರೂ ಅಂಕಿ ಏರಬಹುದು. ಆದರೆ 6.1 ನಿಜವೇ ಆಗಿದ್ದರೆ ಹೃದಯದ ಬಡಿತ ತಪ್ಪುವ ಅಪಾಯ ಇದೆ. ಅದಕ್ಕೇ ಸುಳ್ಳಿರಬಹುದು ಅಂತ ಕೈಕಟ್ಟಿ ಕೂರದೆ, ತಕ್ಷಣ ಇಸಿಜಿ ತೆಗೆದು, ಜೊತೆಗೇ ಹೊಸ ಸ್ಯಾಂಪಲ್ ಕಳಿಸುತ್ತಾರೆ. ಗಾಬರಿಯಾದವರು ಸರಿಯಾಗಿಯೇ ಗಾಬರಿಯಾದರು.

ನೀವು ಮಾಡಬಹುದಾದ್ದು ಇಷ್ಟೇ. ಏನೇನು ಮಾತ್ರೆ ತಗೋತಿದ್ದೀರಿ ಅಂತ ರಕ್ತ ಕೊಡುವ ಮೊದಲೇ ಹೇಳಿ, ವಿಟಮಿನ್ ಮಾತ್ರೆಯನ್ನೂ ಬಿಡಬೇಡಿ. ಕೂದಲಿಗೆ ಅಂತ ಜಾಸ್ತಿ ಪ್ರಮಾಣದಲ್ಲಿ ನುಂಗುವ ಬಯೋಟಿನ್, ಕೆಲವು ಮೆಷಿನ್‌ಗಳಲ್ಲಿ ಥೈರಾಯ್ಡ್ ಮತ್ತು ಟ್ರೊಪೋನಿನ್ ಅಂಕಿಗಳನ್ನೇ ತಪ್ಪಾಗಿ ತೋರಿಸುತ್ತದೆ.