ಮಾವಿನ ಗಿಡ ಕೋಲಿನಂತೆ ಬೆಳೆದಿದೆ, ತುದಿ ಕತ್ತರಿಸಬಹುದೇ?

ಪ್ರಶ್ನೆ: ಹಿತ್ತಲಲ್ಲಿ ಎರಡು ವರ್ಷದ ಹಿಂದೆ ಮಲ್ಲಿಕಾ ಮಾವಿನ ಕಸಿ ಗಿಡ ನೆಟ್ಟೆವು. ಒಂದೇ ಕಾಂಡ, ಆರಡಿ ಎತ್ತರ, ಕೊಂಬೆಯೇ ಇಲ್ಲ. ಈ ಸಲ ಹೂ ಬಂದು, ಪಿಂದೆ ಕಟ್ಟಿ ಉದುರಿತು. ಪಕ್ಕದ ಮನೆಯವರು ತುದಿ ಕತ್ತರಿಸಿ ಅಂತಾರೆ. ಬೆಳೆಯೋ ಗಿಡಕ್ಕೆ ಕತ್ತಿ ಹಾಕಬಾರದು ಅಂತ ನಮ್ಮ ಅತ್ತೆ. ಏನು ಮಾಡಲಿ?
– ಓದುಗರು, ಶ್ರೀನಿವಾಸಪುರ

ಉತ್ತರ: ಕತ್ತರಿಸಿ. ಜೂನ್, ಜುಲೈನಲ್ಲಿ ಒಂದೆರಡು ಹದ ಮಳೆ ಬಿದ್ದ ಮೇಲೆ ಕತ್ತರಿಸಿದರೆ ಚಿಗುರು ಬೇಗ ಬರುತ್ತದೆ. ನಿಮ್ಮ ಅತ್ತೆಯವರ ಮಾತಿಗೂ ಕಾರಣವಿದೆ. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ಫಸಲಿನ ಮರಕ್ಕೆ ಅಕ್ಟೋಬರ್, ನವೆಂಬರ್‌ನಲ್ಲಿ ಮಚ್ಚು ಹಾಕಿದರೆ ಬರಬೇಕಿದ್ದ ಹೂವೂ ಹೋಗುತ್ತದೆ. ಎರಡು ವರ್ಷದ ಗಿಡದ ವಿಷಯವೇ ಬೇರೆ. ಅದಕ್ಕೆ ಈಗ ಬೇಕಾದ್ದು ಹಣ್ಣಲ್ಲ, ಒಳ್ಳೆ ಮೈಕಟ್ಟು. ಇದನ್ನು ಅವರಿಗೆ ಬಿಡಿಸಿ ಹೇಳಿ, ಒಪ್ಪುತ್ತಾರೆ.

ನಿಮ್ಮೂರಿನ ಸುತ್ತ ಮಾವಿನ ತೋಪುಗಳಿಗೆ ಬರವಿಲ್ಲ. ಚಿಕ್ಕಂದಿನಲ್ಲಿ ಯಾರೂ ತಿದ್ದದ ಹಳೇ ಮರ ಸಿಕ್ಕರೆ ಕೆಳಗೆ ನಿಂತು ಮೇಲೆ ನೋಡಿ. ಒಳಗೆ ಬಿಸಿಲಿಲ್ಲ, ಕಾಯೆಲ್ಲ ನೆತ್ತಿಯಲ್ಲಿ. ಕೀಳಲು ಏಣಿ ಬೇಕು, ದೋಟಿ ಬೇಕು. ಮನೆ ಹಿತ್ತಲಿಗೆ ಅಂಥ ಮರ ಆಗಿಬರುವುದಿಲ್ಲ. ಈಗ ಕೈಕತ್ತರಿಯಲ್ಲಿ ಆಗುವ ಕೆಲಸವನ್ನು ಹತ್ತು ವರ್ಷ ಬಿಟ್ಟು ಗರಗಸದಲ್ಲಿ ಮಾಡುವುದು ಮರಕ್ಕೂ ಕಷ್ಟ, ನಿಮಗೂ ಕಷ್ಟ.

ನೆಲದಿಂದ ಎರಡೂವರೆ, ಮೂರು ಅಡಿ ಬಿಟ್ಟು ಮೇಲಿನದನ್ನು ತೆಗೆಯಿರಿ. ಅಷ್ಟೊಂದಾ ಅಂತ ಮನಸ್ಸು ಹಿಂಜರಿಯುತ್ತದೆ, ಆದರೂ ತೆಗೆಯಿರಿ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಸ್ವಲ್ಪ ಗಮನಿಸಿ. ಮಾವು ಒಂದೇ ಸಮನೆ ಬೆಳೆಯುವುದಿಲ್ಲ. ಒಮ್ಮೆ ಚಿಗುರಿ ನಿಲ್ಲುತ್ತದೆ, ಮತ್ತೆ ಚಿಗುರುತ್ತದೆ. ಪ್ರತಿ ಸಲ ನಿಂತ ಕಡೆ ಎಲೆಗಳು, ಅಥವಾ ಎಲೆ ಉದುರಿದ ಗುರುತುಗಳು, ಒತ್ತೊತ್ತಾಗಿ ಬಳೆಯಂತೆ ಕಾಣುತ್ತವೆ. ಕಾಂಡದ ಮೇಲೆ ಬೆರಳಾಡಿಸಿದರೆ ಆ ಗಂಟು ಕೈಗೇ ಸಿಗುತ್ತದೆ. ಅದರಲ್ಲಿ ಮೊಗ್ಗುಗಳು ಒಂದರ ಪಕ್ಕ ಒಂದು ಇರುತ್ತವೆ. ಗಂಟಿನ ಮೇಲೆ ಕತ್ತರಿಸಿದರೆ ಒಂದೇ ಜಾಗದಿಂದ ಏಳೆಂಟು ಚಿಗುರು ನುಗ್ಗಿ ಬರುತ್ತವೆ. ಗಂಟಿನ ಸ್ವಲ್ಪ ಕೆಳಗೆ ಕತ್ತರಿಸಿದರೆ ಚಿಗುರು ಕಡಿಮೆ, ಒಂದಕ್ಕೊಂದು ಅಂತರವೂ ಇರುತ್ತದೆ. ನಮಗೆ ಬೇಕಾದ್ದು ಅದೇ.

ಕತ್ತರಿ ಹರಿತವಾಗಿರಲಿ, ಕಡಿತ ಸ್ವಲ್ಪ ಓರೆಯಾಗಿರಲಿ, ನೀರು ನಿಲ್ಲಬಾರದು. ಸೊನೆ ಮೈಗೆ ತಾಗಿದರೆ ಸುಡುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ಕೂಡಿಸುವುದು. ಪ್ಲಾಸ್ಟಿಕ್ ಬಕೆಟ್ ಬಳಸಿ, ಕಬ್ಬಿಣದ ಪಾತ್ರೆ ಬೇಡ. ಒಂದೇ ಗಿಡಕ್ಕೆ ಇಷ್ಟೆಲ್ಲ ಯಾಕೆ ಅನ್ನಿಸಿದರೆ, ಗೊಬ್ಬರದ ಅಂಗಡಿಯಲ್ಲಿ ಸಿಗುವ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಬಳಿದರೂ ನಡೆಯುತ್ತದೆ.

ಚಿಗುರು ಬಂದು ಗಟ್ಟಿಯಾಗುವವರೆಗೆ ಕಾಯಿರಿ. ಆಮೇಲೆ ಮೂರು, ಹೆಚ್ಚೆಂದರೆ ನಾಲ್ಕು ಉಳಿಸಿ, ಉಳಿದದ್ದು ತೆಗೆಯಿರಿ. ಒಂದೊಂದೂ ಒಂದೊಂದು ದಿಕ್ಕಿಗಿರಬೇಕು, ಕಾಂಡದಿಂದ ಹೊರಗೆ ಚಾಚಿರಬೇಕು. ಎರಡು ಕೊಂಬೆ ಇಕ್ಕಟ್ಟಾಗಿ ಕವೆಯಂತೆ ಮೇಲೆದ್ದರೆ ಮುಂದೆ ಕಾಯಿ ಭಾರಕ್ಕೋ ಗಾಳಿಗೋ ಆ ಸಂದೇ ಸೀಳುತ್ತದೆ. ಬೇರೆ ಚಿಗುರೇ ಇಲ್ಲದಿದ್ದರೆ ಸಂದಿಗೆ ಬಿದಿರಿನ ತುಂಡು ಕೊಟ್ಟು ಅಗಲಿಸಿ. ಈ ಕೊಂಬೆಗಳು ಎರಡಡಿ ಬೆಳೆದು ಬಲಿತಾಗ ಒಂದೂವರೆ ಅಡಿಗೆ ಮತ್ತೆ ತುದಿ ತೆಗೆಯಿರಿ. ಅಲ್ಲಿಂದಲೂ ಎರಡು ಮೂರು ಸಾಕು. ಇಷ್ಟಾದರೆ ಗಿಡ ಕೊಡೆ ಹಿಡಿದ ಹಾಗೆ ಹರಡುತ್ತದೆ.

ಹೂವಿನ ವಿಷಯ. ನೆಟ್ಟು ಮೂರು ವರ್ಷ ಆಗುವವರೆಗೆ ಬಂದ ಹೂ ಗೊಂಚಲು ಚಿವುಟಿ ಹಾಕಿ. ಇದು ನಿಜಕ್ಕೂ ಹೊಟ್ಟೆ ಉರಿಯುವ ಕೆಲಸ, ಗೊತ್ತು. ಆದರೆ ಆ ಕಾಯಿಗೆ ಹೋಗುವ ಶಕ್ತಿಯೆಲ್ಲ ಬೇರು, ಕೊಂಬೆಗೆ ಹೋಗಬೇಕಾದದ್ದು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬುಡದ ಹತ್ತಿರ ಕೂತು ಕಸಿ ಕಟ್ಟಿದ ಜಾಗ ನೋಡಿ. ನರ್ಸರಿಯ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದೆಯಾ? ಇದ್ದರೆ ಇವತ್ತೇ ಬ್ಲೇಡಿನಲ್ಲಿ ಸೀಳಿ ಬಿಚ್ಚಿ. ಕಾಂಡ ದಪ್ಪವಾದಂತೆ ಅದು ತೊಗಟೆಯೊಳಗೆ ಹೂತು ಗಿಡದ ಕತ್ತು ಹಿಸುಕುತ್ತದೆ.

ಪ್ರಶ್ನೆ: ಮೂಸಂಬಿ ಗಿಡದ ಬುಡದಿಂದ ಮುಳ್ಳು ಮುಳ್ಳಾದ ಎರಡು ರೆಂಬೆ ಬಂದಿವೆ. ಗಿಡಕ್ಕಿಂತ ಅವೇ ಚೆನ್ನಾಗಿ ಬೆಳೆಯುತ್ತಿವೆ. ಬಿಡಲಾ?
– ಓದುಗರು, ಶಿರಾ

ಉತ್ತರ: ಬಿಡಬೇಡಿ. ಕಸಿ ಗಂಟಿನ ಕೆಳಗಿಂದ ಬಂದಿದ್ದರೆ ಅದು ಮೂಸಂಬಿಯೇ ಅಲ್ಲ, ಕಸಿಗೆ ಬಳಸಿದ ಬೇರುಸಸಿ. ಸುಮ್ನೆ ಬಿಟ್ಟರೆ ನಿಮ್ಮ ಮೂಸಂಬಿ ಸೊರಗಿ, ಕೊನೆಗೆ ಆ ಮುಳ್ಳಿನ ಗಿಡವೇ ಉಳಿಯುತ್ತದೆ. ಎಳೆಯದಾಗಿದ್ದರೆ ಕೈಯಲ್ಲೇ ಬುಡಸಮೇತ ಕಿತ್ತುಬಿಡಿ. ಬಲಿತಿದ್ದರೆ ಮೋಟು ಉಳಿಯದ ಹಾಗೆ ಕಾಂಡಕ್ಕೆ ಸರಿಯಾಗಿ ಕತ್ತರಿಸಿ. ಮೋಟು ಬಿಟ್ಟರೆ ಅಲ್ಲಿಂದಲೇ ಮತ್ತೆ ಚಿಗುರುತ್ತದೆ. ಇದರ ಹೊರತು ನಿಂಬೆ, ಮೂಸಂಬಿಗೆ ಜಾಸ್ತಿ ಕತ್ತರಿ ಬೇಡ. ನೆಲದಿಂದ ಒಂದೂವರೆ ಅಡಿ ಕಾಂಡ ಬೋಳಾಗಿರಲಿ, ಒಣಗಿದ್ದು ತೆಗೆಯಿರಿ, ಅಷ್ಟೇ. ಅನಗತ್ಯವಾಗಿ ಸವರಿದಷ್ಟೂ ಎಳೆ ಚಿಗುರು ಹೆಚ್ಚು, ಎಲೆ ಸುರಂಗ ಹುಳುವಿನ ಕಾಟವೂ ಹೆಚ್ಚು.

ಪ್ರಶ್ನೆ: ಸೀಬೆ ಗಿಡಕ್ಕೆ ಮೂರು ವರ್ಷ. ಕೊಂಬೆಗಳು ಕಾಂಪೌಂಡ್ ದಾಟಿ ಮೇಲೆ ಹೋಗುತ್ತಿವೆ, ಕಾಯಿ ಮಾತ್ರ ಕಡಿಮೆ. ಕತ್ತರಿಸಿದರೆ ಇರುವ ಕಾಯಿಯೂ ಹೋಗುತ್ತಾ?
– ಓದುಗರು, ಚಿಂತಾಮಣಿ

ಉತ್ತರ: ಉಲ್ಟಾ, ಕತ್ತರಿಸಿದರೇ ಕಾಯಿ ಜಾಸ್ತಿ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಈಗಿರುವ ಕಾಯಿ ಮುಗಿದ ಮೇಲೆ ಕಾಂಪೌಂಡ್ ದಾಟಿದ್ದನ್ನೆಲ್ಲ ಅರ್ಧಕ್ಕೆ ಇಳಿಸಿ, ಮಧ್ಯಕ್ಕೆ ನುಗ್ಗುವ ರೆಂಬೆಗಳನ್ನು ಬುಡದಲ್ಲೇ ತೆಗೆಯಿರಿ. ನೆಟ್ಟಗೆ ಮೇಲೇಳುವ ಒಂದೆರಡು ಎಳೇ ಕೊಂಬೆಗಳನ್ನು ಕತ್ತರಿಸುವ ಬದಲು ಮೆಲ್ಲಗೆ ಬಗ್ಗಿಸಿ, ನೆಲದಲ್ಲಿ ಗೂಟ ಹೊಡೆದು ಹಗ್ಗದಿಂದ ಕಟ್ಟಿ ನೋಡಿ. ಬಾಗಿದ ಕೊಂಬೆಯ ಉದ್ದಕ್ಕೂ ಮಲಗಿದ್ದ ಮೊಗ್ಗುಗಳು ಎದ್ದು ಚಿಗುರುತ್ತವೆ, ಹೂವೂ ಅಲ್ಲೇ. ಹಗ್ಗ ತೊಗಟೆಗೆ ಕಚ್ಚದಂತೆ ಗೋಣಿಚೀಲದ ತುಂಡು ಸುತ್ತಿ.

ಪ್ರಶ್ನೆ: ಸಪೋಟ ಸವರಬೇಕಾ?
– ಓದುಗರು, ಗುಬ್ಬಿ

ಉತ್ತರ: ಬೇಕಿಲ್ಲ. ಅದು ತಾನಾಗಿಯೇ ಅಂದವಾಗಿ ಕೊಂಬೆ ಹರಡುತ್ತದೆ. ಕಸಿಯ ಕೆಳಗೆ ಬಂದ ಚಿಗುರು, ನೆಲಕ್ಕೆ ತಾಗುವ ರೆಂಬೆ, ಒಣಗಿದ್ದು, ಇಷ್ಟು ತೆಗೆದರೆ ಸಾಕು.