ತೋಳ ಬೇಡ, ಮೊಲ ಆಗಲಿ

ಓದುಗರ ಪ್ರಶ್ನೆ, ಇತಿಹಾಸದ ಮೇಡಂ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು. ಎರಡು ಸಾವಿರ ವರ್ಷದ ಹಿಂದಿನ ಬ್ರಿಟನ್, ಅಲ್ಲಿದ್ದ ಕೆಲ್ಟ್ ಜನ, ಅವರ ಮೇಲೆ ದಂಡೆತ್ತಿ ಬಂದ ರೋಮನ್ನರು, ಇವರ ನಡುವೆ ರೂಪ ಬದಲಿಸುವ ಮನುಷ್ಯರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವಳು ನಾನು. ಇಂಥ ಕಾಗದ ಬಂದರೆ ಊಟ ಮರೆತು ಕೂರುತ್ತೇನೆ. ಬೇರೆ ಪ್ರಶ್ನೆಗಳು ಮುಂದಿನ ತಿಂಗಳಿಗೆ ಇರಲಿ.

ಪ್ರಶ್ನೆ: ‘ಸೆಲ್ಟ್’ ಅನ್ನಬೇಕೋ ‘ಕೆಲ್ಟ್’ ಅನ್ನಬೇಕೋ? ನಮ್ಮ ಕ್ಲಾಸಿನಲ್ಲಿ ಇದಕ್ಕೆ ಜಗಳವೇ ಆಯಿತು.
ಹತ್ತನೇ ತರಗತಿ ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: ಜನರನ್ನು ಹೇಳುವಾಗ ಕೆಲ್ಟ್. ಗ್ರೀಕರು ಅವರನ್ನು ‘ಕೆಲ್ಟೊಯ್’ ಅಂದರು. ಗ್ಲ್ಯಾಸ್ಗೋದ ಫುಟ್‌ಬಾಲ್ ತಂಡದ ಹೆಸರನ್ನು ಮಾತ್ರ ‘ಸೆಲ್ಟಿಕ್’ ಅನ್ನುತ್ತಾರೆ. ನಿಮ್ಮ ಕ್ಲಾಸಿನಲ್ಲಿ ಯಾರೋ ಫುಟ್‌ಬಾಲ್ ನೋಡುವವರು ಇದ್ದಾರೆ ಅನ್ನಿಸುತ್ತೆ. ಇನ್ನೊಂದು ಮಾತು. ಈಗಿನ ಫ್ರಾನ್ಸಿನ ಕಡೆಯವರು ತಮ್ಮನ್ನು ಕೆಲ್ಟರು ಎಂದು ಕರೆದುಕೊಳ್ಳುತ್ತಿದ್ದರು ಅಂತ ಜೂಲಿಯಸ್ ಸೀಸರ್ ಬರೆದಿದ್ದಾನೆ. ಬ್ರಿಟನ್ನಿನವರಿಗೆ ತಮ್ಮ ತಮ್ಮ ಬುಡಕಟ್ಟೇ ಗುರುತು. ಐಸೆನಿ, ಬ್ರಿಗಾಂಟಿ, ಸಿಲೂರಿ, ಹೀಗೆ.

ಪ್ರಶ್ನೆ: ಮೇಡಂ, ನಾನೊಂದು ಕಾದಂಬರಿ ಬರೀತಿದ್ದೀನಿ. ನಾಲ್ಕು ಅಧ್ಯಾಯ ಕಳಿಸಿದ್ದೀನಿ. ಒಬ್ಬ ಕೆಲ್ಟ್ ಹುಡುಗಿ ರಾತ್ರಿ ಹೊತ್ತು ತೋಳ ಆಗ್ತಾಳೆ. ರೋಮನ್ ಶಿಬಿರದ ಒಬ್ಬ ಹುಡುಗನಿಗೆ ಅವಳ ಗುಟ್ಟು ಗೊತ್ತಾಗುತ್ತೆ. ಬೌಡಿಕಾ ರಾಣಿ ಹೇಡ್ರಿಯನ್ ಗೋಡೆಯ ಮೇಲೆ ದಾಳಿ ಮಾಡುವಲ್ಲಿಗೆ ಕಥೆ ಮುಗಿಯುತ್ತೆ. ಆದರೆ ನಾನು ಬೆಂಗಳೂರು ದಾಟಿ ಹೋದವಳಲ್ಲ. ನೋಡದ ದೇಶದ ಕಥೆ ಬರೀಬಹುದಾ? ಮನುಷ್ಯ ಪ್ರಾಣಿ ಆಗೋದನ್ನ ಓದುವವರಿಗೆ ನಂಬಿಸೋದು ಹೇಗೆ?
ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಮಂಡ್ಯ ತಾಲ್ಲೂಕು

ಉತ್ತರ: ಮಗಳೇ, ನಾಲ್ಕು ಅಧ್ಯಾಯವನ್ನೂ ಎರಡು ಸಲ ಓದಿದೆ. ಆ ಹುಡುಗಿ ಬೆಳಗಿನ ಜಾವ ಮನೆಗೆ ಬಂದು, ಅಮ್ಮ ಎದ್ದಿದ್ದಾಳಾ ಅಂತ ಬಾಗಿಲಲ್ಲಿ ನಿಂತು ಕಿವಿಗೊಡುತ್ತಾಳಲ್ಲ, ಅಲ್ಲಿ ನನ್ನ ಮೈ ಜುಮ್ಮೆಂದಿತು. ನೀನು ಬರೆಯಬಹುದು. ಬರೆಯಲೇಬೇಕು.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. ಐಸೆನಿಯವರ ರಾಣಿ ಬೌಡಿಕಾ ರೋಮನ್ನರ ಮೇಲೆ ದಂಗೆ ಎದ್ದದ್ದು ಕ್ರಿ.ಶ. 60ರಲ್ಲೋ 61ರಲ್ಲೋ. ಬ್ರಿಟನ್ನಿನ ಉತ್ತರದಲ್ಲಿ ರೋಮನ್ನರು ಹೇಡ್ರಿಯನ್ ಗೋಡೆ ಕಟ್ಟಲು ಶುರು ಮಾಡಿದ್ದೇ 122ರಲ್ಲಿ. ನಡುವೆ ಅರವತ್ತು ವರ್ಷ ಇದೆ, ಎರಡನ್ನೂ ಒಂದೇ ಕಥೆಗೆ ತರಬೇಡ. ಎರಡನೇ ಅಧ್ಯಾಯದಲ್ಲಿ ಅವರು ಆಲೂಗಡ್ಡೆ ಬೇಯಿಸುತ್ತಾರೆ. ಆಲೂಗಡ್ಡೆ, ಟೊಮೆಟೊ, ಮುಸುಕಿನ ಜೋಳ ಎಲ್ಲ ಅಮೆರಿಕದವು, 1492ಕ್ಕೆ ಮೊದಲು ಯೂರೋಪಿನಲ್ಲಿ ಯಾರೂ ಕಂಡಿರಲಿಲ್ಲ. ಬಾರ್ಲಿ ಗಂಜಿ ಕೊಡು. ನಿನ್ನ ರೋಮನ್ ಸವಾರ ರಿಕಾಪಿನಲ್ಲಿ ಕಾಲಿಟ್ಟು ಕುದುರೆ ಹತ್ತುತ್ತಾನೆ. ರೋಮನ್ನರಿಗೆ ರಿಕಾಪು ಗೊತ್ತಿರಲಿಲ್ಲ. ಎಗರಿ ಕೂರಬೇಕಿತ್ತು.

ಈಗ ತೋಳದ ವಿಷಯ. ನನ್ನ ಮಾತು ಕೇಳು, ತೋಳವನ್ನು ರೋಮಿಗೆ ಬಿಟ್ಟುಕೊಡು. ರೋಮ್ ಊರು ಕಟ್ಟಿದ ಅಣ್ಣತಮ್ಮಂದಿರಿಗೆ ಹಾಲು ಕುಡಿಸಿದ್ದೇ ಹೆಣ್ಣು ತೋಳ ಅಂತ ಅವರ ಕಥೆ. ಅವರ ದಂಡಿನಲ್ಲಿ ಬಾವುಟ ಹೊರುವವರು ತೋಳದ ಅಥವಾ ಕರಡಿಯ ತೊಗಲನ್ನು ತಲೆಯ ಮೇಲಿಂದ ಹೊದೆಯುತ್ತಿದ್ದರು. ಪ್ರಾಣಿಯ ಮುಖ ಹಣೆಯ ಮೇಲೆ, ಮುಂಗಾಲು ಎದೆಯ ಮೇಲೆ. ರೋಮಿನಲ್ಲಿರುವ ಟ್ರಾಜನ್ ಕಂಬದಲ್ಲಿ ಇದನ್ನು ಕೆತ್ತಿದ್ದಾರೆ. ನಮ್ಮ ಟಿಪ್ಪುವಿನ ಸಿಪಾಯಿಗಳು ಹುಲಿಪಟ್ಟೆಯ ಅಂಗಿ ತೊಡುತ್ತಿದ್ದರಲ್ಲ, ಅದನ್ನು ನೆನಪಿಸಿಕೋ. ನಿನ್ನ ಹುಡುಗಿ ಮರದ ಮರೆಯಿಂದ ಮೊದಲ ಸಲ ರೋಮನ್ ದಂಡನ್ನು ನೋಡುತ್ತಾಳೆ. ಮುಂದೆ ಬರುವವನಿಗೆ ತೋಳದ ತಲೆ! ಅವಳಿಗೆ ಏನನ್ನಿಸುತ್ತೆ ಹೇಳು? ಇವರೂ ನಮ್ಮ ಹಾಗೇ ರೂಪ ಬದಲಿಸುವವರು ಅಂದುಕೊಳ್ಳುತ್ತಾಳೆ ಅಲ್ವಾ? ನನ್ನನ್ನು ಕೇಳಿದರೆ ನಿನ್ನ ಕಾದಂಬರಿ ಇಲ್ಲಿಂದಲೇ ಶುರುವಾಗಬೇಕು.

ನಿನ್ನ ಹುಡುಗಿ ಮೊಲ ಆಗಲಿ. ಸುಮ್ನೆ ಹೇಳುತ್ತಿಲ್ಲ. ಬ್ರಿಟನ್ನರು ಮೊಲ, ಕೋಳಿ, ಹೆಬ್ಬಾತು ಈ ಮೂರನ್ನು ತಿನ್ನುವುದಿಲ್ಲ, ತಿಂದರೆ ತಪ್ಪು ಅಂದುಕೊಂಡಿದ್ದಾರೆ ಅಂತ ಸೀಸರನೇ ಬರೆದಿದ್ದಾನೆ. ಬೌಡಿಕಾ ಕಥೆಯಲ್ಲೂ ಮೊಲ ಇದೆ. ಯುದ್ಧಕ್ಕೆ ಮೊದಲು ಜನರ ಮುಂದೆ ಮಾತಾಡಿ, ಅವಳು ತನ್ನ ಉಡುಪಿನ ಮಡಿಲಿನಿಂದ ಒಂದು ಮೊಲವನ್ನು ಬಿಟ್ಟಳಂತೆ. ಅದು ಶುಭದ ದಿಕ್ಕಿಗೆ ಓಡಿತು, ಜನ ಕೇಕೆ ಹಾಕಿದರು, ಅವಳು ಆಂಡ್ರಾಸ್ಟೆ ದೇವಿಗೆ ಕೈಯೆತ್ತಿದಳು. ಇದನ್ನು ಬರೆದವನು ರೋಮಿನ ಇತಿಹಾಸಕಾರ ಕ್ಯಾಸಿಯಸ್ ಡಿಯೊ, ಅದೂ ನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ. ನಡೆದದ್ದೋ ಕಟ್ಟಿದ್ದೋ, ಕಾದಂಬರಿ ಬರೆಯುವವಳಿಗೆ ಇದಕ್ಕಿಂತ ಏನು ಬೇಕು? ಆ ಮಡಿಲಿನಲ್ಲಿ ಉಸಿರು ಹಿಡಿದು ಕೂತಿದ್ದ ಮೊಲ ಯಾರು?

ನೋಡದ ದೇಶ ಅಂತ ಹೆದರಬೇಡ. ನೀನು ಮೊಲ ನೋಡಿದ್ದೀಯ. ನಾನು ಮಳವಳ್ಳಿ ಕಡೆಯವಳು. ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದರು. ಆಳುಗಳು ನಾಲ್ಕೂ ಕಡೆಯಿಂದ ಕಡಿಯುತ್ತಾ ಒಳಗೆ ಬಂದರು. ಸಂಜೆ ಹೊತ್ತಿಗೆ ನಡುವೆ ಒಂದು ಕೋಣೆಯಷ್ಟು ಕಬ್ಬು ಉಳಿಯಿತು. ಅದರೊಳಗೆ ಸರಸರ ಸದ್ದು. ಎಲ್ಲರೂ ಕತ್ತಿ ಹಿಡಿದು ಸುಮ್ಮನೆ ನಿಂತರು. ಒಂದು ಮೊಲ ಚಂಗನೆ ಹಾರಿತು. ನೆಟ್ಟಗೆ ಓಡಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನನ್ನಿಂದ ಎರಡು ಮಾರು ದೂರದಲ್ಲಿ ಗಕ್ಕನೆ ನಿಂತಿತು. ತಲೆ ಆ ಕಡೆ ಇದ್ದರೂ ಕಣ್ಣು ನನ್ನನ್ನೇ ನೋಡುತ್ತಿತ್ತು, ಮೊಲದ ಕಣ್ಣು ಪಕ್ಕಕ್ಕಿರುತ್ತದಲ್ಲ. ಮರುಗಳಿಗೆ ಬದು ಹಾರಿ ಹೋಯಿತು. ಆಮೇಲೆ ನಾನು ಆ ಕಬ್ಬಿನೊಳಗೆ ನುಗ್ಗಿ ಹುಡುಕಿದೆ. ತರಗಿನ ಮೇಲೆ ಅದರ ಮೈಯ ಅಳತೆಗೆ ಒಂದು ತಗ್ಗು ಇತ್ತು. ಕೈ ಇಟ್ಟೆ. ಇನ್ನೂ ಬೆಚ್ಚಗಿತ್ತು.

ಕಾಡುಮೊಲ ಬಿಲ ತೋಡುವುದಿಲ್ಲ. ಇಲ್ಲಿನದೂ ಅಷ್ಟೇ, ಬ್ರಿಟನ್ನಿನದೂ ಅಷ್ಟೇ. ಬಯಲಲ್ಲೇ ಹೀಗೆ ತಗ್ಗು ಮಾಡಿಕೊಂಡು ಕೂರುತ್ತದೆ. ಮರಿಗಳು ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತವೆ, ಮೈತುಂಬ ಕೂದಲಿರುತ್ತೆ. ನಿನ್ನ ಹುಡುಗಿ ಮನುಷ್ಯಳಾಗಿ ಮರಳಿದಾಗ ಹುಲ್ಲಿನಲ್ಲಿ ಉಳಿಯುವುದು ಆ ಬೆಚ್ಚಗಿನ ತಗ್ಗು. ರೋಮನ್ ಹುಡುಗ ಅದರ ಮೇಲೆ ಕೈ ಇಟ್ಟು ನೋಡಲಿ. ಬ್ರಿಟನ್ನಿಗೆ ಹೋಗಿ ಬಂದವರಿಗೂ ಇದು ಸುಲಭಕ್ಕೆ ಹೊಳೆಯಲ್ಲ.

ಇನ್ನು ನಂಬಿಸೋದು ಹೇಗೆ ಅನ್ನುವುದು. ನಿನ್ನ ನಾಲ್ಕು ಅಧ್ಯಾಯದಲ್ಲಿ ನನಗೆ ಕೊರತೆ ಕಂಡದ್ದು ಇದೊಂದೇ. ಅವಳು ಬೇಕೆಂದಾಗ ತೋಳ ಆಗುತ್ತಾಳೆ, ಬೇಡವೆಂದಾಗ ಹುಡುಗಿ. ಏನೂ ಕಳೆದುಕೊಳ್ಳುವುದಿಲ್ಲ, ಏನೂ ಮೈಗೆ ಅಂಟುವುದಿಲ್ಲ. ಓದುವವರಿಗೆ ಭಯ ಎಲ್ಲಿಂದ ಬರಬೇಕು?

ರೋಮನ್ನರದೇ ಒಂದು ಕಥೆ ಹೇಳುತ್ತೇನೆ. ನೀರೋ ಚಕ್ರವರ್ತಿಯ ಕಾಲದ ಪೆಟ್ರೋನಿಯಸ್ ಬರೆದದ್ದು. ಬೌಡಿಕಾ ದಂಗೆ ಎದ್ದದ್ದೂ ನೀರೋ ಕಾಲದಲ್ಲೇ ಅನ್ನುವುದು ನೆನಪಿರಲಿ. ಒಬ್ಬ ಆಳು ಬೆಳದಿಂಗಳಲ್ಲಿ ಒಬ್ಬ ಸೈನಿಕನ ಜೊತೆ ನಡೆದು ಹೋಗುತ್ತಿದ್ದಾನೆ. ದಾರಿಯ ಪಕ್ಕ ಸಮಾಧಿಗಳು. ಸೈನಿಕ ಬಟ್ಟೆ ಬಿಚ್ಚಿ ದಾರಿ ಬದಿ ಇಡುತ್ತಾನೆ. ಅದರ ಸುತ್ತ ಉಚ್ಚೆ ಹೊಯ್ಯುತ್ತಾನೆ. ತೋಳವಾಗಿ ಊಳಿಟ್ಟು ಕಾಡಿಗೆ ಓಡುತ್ತಾನೆ. ಆಳು ಬಟ್ಟೆ ಎತ್ತಲು ಹೋದರೆ ಅದು ಕಲ್ಲಾಗಿದೆ! ಅವನು ಹೆದರಿ ಗೆಳತಿಯ ಮನೆಗೆ ಓಡಿದರೆ ಅವಳು ಹೇಳುತ್ತಾಳೆ, ಈಗಷ್ಟೇ ತೋಳ ಕುರಿಗಳ ಮೇಲೆ ಬಿತ್ತು, ನಮ್ಮ ಆಳು ಅದರ ಕುತ್ತಿಗೆಗೆ ಈಟಿ ಚುಚ್ಚಿದ ಅಂತ. ಬೆಳಗ್ಗೆ ವಾಪಸ್ ಬರುವಾಗ ಬಟ್ಟೆ ಇದ್ದ ಜಾಗದಲ್ಲಿ ಬರೀ ರಕ್ತ. ಮನೆಗೆ ಬಂದರೆ ಸೈನಿಕ ಹಾಸಿಗೆಯಲ್ಲಿ ಎತ್ತಿನ ಹಾಗೆ ಬಿದ್ದಿದ್ದಾನೆ, ವೈದ್ಯ ಅವನ ಕುತ್ತಿಗೆಗೆ ಮದ್ದು ಹಚ್ಚುತ್ತಿದ್ದಾನೆ.

ನೋಡು, ಎಷ್ಟು ಗಟ್ಟಿ ಕಥೆ. ಮರಳಿ ಬರುವ ದಾರಿ ಆ ಬಟ್ಟೆಯಲ್ಲಿದೆ, ಅದಕ್ಕೇ ಯಾರೂ ಒಯ್ಯದಂತೆ ಕಲ್ಲಾಗುತ್ತದೆ. ತೋಳಕ್ಕೆ ಬಿದ್ದ ಗಾಯ ಮನುಷ್ಯನ ಮೈಯಲ್ಲಿ ಉಳಿಯುತ್ತದೆ. ಇಂಥವನನ್ನು ಲ್ಯಾಟಿನ್ನಿನಲ್ಲಿ ‘ವರ್ಸಿಪೆಲ್ಲಿಸ್’ ಅನ್ನುತ್ತಾರೆ, ಅಂದರೆ ತೊಗಲು ತಿರುವಿದವನು. ನಿನ್ನ ರೋಮನ್ ಹುಡುಗ ಇಂಥ ಕಥೆ ಕೇಳಿಯೇ ಬೆಳೆದಿರುತ್ತಾನೆ. ಹುಡುಗಿಯ ಕಾಲಿನ ಮೇಲೆ ಬಲೆಯ ಗುರುತು ಕಂಡ ಕೂಡಲೇ ಅವನಿಗೆ ಅರ್ಥವಾಗಬೇಕು. ಅವಳು ಏನನ್ನು ಬಿಟ್ಟು ಮೊಲ ಆಗುತ್ತಾಳೆ, ಅದು ಸಿಗದಿದ್ದರೆ ಏನಾಗುತ್ತಾಳೆ? ಐದನೇ ಅಧ್ಯಾಯ ಬರೆಯುವ ಮೊದಲು ಇದನ್ನು ತೀರ್ಮಾನ ಮಾಡು.

ಕೆಲ್ಟರ ಕಡೆಯ ಕಥೆಗಳೂ ಇವೆ. ವೇಲ್ಸಿನ ಒಂದು ಕಥೆಯಲ್ಲಿ ಗ್ವಿಯೋನ್ ಅನ್ನುವ ಹುಡುಗ ಕೆರಿಡ್ವೆನ್ ಅನ್ನುವ ಮಾಟಗಾತಿಯಿಂದ ತಪ್ಪಿಸಿಕೊಳ್ಳಲು ಮೊಲ ಆಗುತ್ತಾನೆ, ಅವಳು ಬೇಟೆನಾಯಿ ಆಗುತ್ತಾಳೆ. ಅವನು ಮೀನು, ಅವಳು ನೀರುನಾಯಿ. ಅವನು ಹಕ್ಕಿ, ಅವಳು ಡೇಗೆ. ಕೊನೆಗೆ ಅವನು ಗೋಧಿಕಾಳಾದರೆ ಅವಳು ಕೋಳಿಯಾಗಿ ನುಂಗುತ್ತಾಳೆ, ಒಂಬತ್ತು ತಿಂಗಳಿಗೆ ಅವನನ್ನೇ ಹೆರುತ್ತಾಳೆ. ಆದರೆ ಇದೆಲ್ಲ ಬರಹಕ್ಕೆ ಬಂದದ್ದು ರೋಮನ್ನರು ಹೋಗಿ ಎಷ್ಟೋ ನೂರು ವರ್ಷ ಆದ ಮೇಲೆ. ಆ ಕಾಲದಲ್ಲೇ ಬರೆದದ್ದು ಬೇಕೆಂದರೆ ಪೊಂಪೋನಿಯಸ್ ಮೇಲಾ ಇದ್ದಾನೆ. ಮೊದಲನೇ ಶತಮಾನದ ರೋಮನ್ ಭೂಗೋಳಕಾರ. ಗಾಲ್ ದೇಶದ, ಅಂದರೆ ಈಗಿನ ಫ್ರಾನ್ಸಿನ, ಕರಾವಳಿಯಾಚೆ ಸೇನಾ ಅನ್ನುವ ದ್ವೀಪದಲ್ಲಿ ಒಂಬತ್ತು ಪೂಜಾರಿಣಿಯರಿದ್ದಾರೆ, ಮಂತ್ರ ಹಾಡಿ ಗಾಳಿ ಎಬ್ಬಿಸುತ್ತಾರೆ, ಬೇಕಾದ ಪ್ರಾಣಿಯ ರೂಪ ತಾಳುತ್ತಾರೆ ಅಂತ ಬರೆದಿದ್ದಾನೆ. ನಿನ್ನ ಹುಡುಗಿಯ ಅಜ್ಜಿ ಅಲ್ಲಿಂದ ಬಂದವಳಾಗಬಹುದು.

ಕೆಲ್ಟರ ಪುರೋಹಿತರಾದ ಡ್ರೂಯಿಡರನ್ನು ನೀನು ಬಿಳಿ ಗಡ್ಡದ ಮಂತ್ರವಾದಿಗಳ ಹಾಗೆ ಮಾಡಿದ್ದೀಯ. ಅದು ಸಿನಿಮಾದಿಂದ ಬಂದದ್ದು. ಅವರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲ, ಕೆಲವರು 20 ವರ್ಷ ಕೂತು ಬಾಯಿಪಾಠ ಮಾಡುತ್ತಿದ್ದರು ಅಂತ ಸೀಸರ್ ಹೇಳುತ್ತಾನೆ. ನಮ್ಮ ಕಡೆಯ ನೀಲಗಾರರನ್ನು ನೆನಪಿಸಿಕೋ. ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುತ್ತಾರೆ, ಕೈಯಲ್ಲಿ ಒಂದು ಹಾಳೆ ಇರಲ್ಲ. ಅಂಥ ಮನುಷ್ಯ ಸತ್ತರೆ ಒಂದು ಊರಿನ ನೆನಪೇ ಹೋದ ಹಾಗೆ. ರೋಮನ್ನರು ವೇಲ್ಸಿನ ಪಕ್ಕದ ಮೋನಾ ದ್ವೀಪಕ್ಕೆ ನುಗ್ಗಿ ಡ್ರೂಯಿಡರನ್ನು ಕೊಂದು, ಅವರ ದೇವರ ಕಾಡನ್ನು ಕಡಿದು ಹಾಕಿದರು. ಬೌಡಿಕಾ ಎದ್ದದ್ದು ಅದೇ ಹೊತ್ತಿಗೆ. ಈ ಅಧ್ಯಾಯವನ್ನು ಅವಸರ ಮಾಡದೆ ಬರಿ.

ರೋಮನ್ ಹುಡುಗನನ್ನೂ ಬರೀ ವಿಲನ್ ಕಡೆಯವನು ಅಂತ ಬಿಡಬೇಡ. ಅವನು ರೋಮ್ ಊರನ್ನೇ ನೋಡದವನಾಗಿರಬಹುದು. ಬ್ರಿಟನ್ನಿನ ಉತ್ತರದ ವಿಂಡೊಲಾಂಡಾ ಕೋಟೆಯಲ್ಲಿದ್ದ ಸೈನಿಕರಲ್ಲಿ ಎಷ್ಟೋ ಜನ ಈಗಿನ ನೆದರ್ಲೆಂಡ್ಸ್, ಬೆಲ್ಜಿಯಂ ಕಡೆಯವರು. ಅಲ್ಲಿ 1973ರಿಂದ ಈಚೆಗೆ ತೆಳು ಮರದ ಹಾಳೆಯ ಮೇಲೆ ಮಸಿಯಲ್ಲಿ ಬರೆದ ಕಾಗದಗಳು ಮಣ್ಣಿನಡಿ ಸಿಕ್ಕಿವೆ. ನಿನ್ನ ಕಥೆಗಿಂತ ಒಂದು ತಲೆಮಾರು ಆಮೇಲಿನವು. ಒಂದರಲ್ಲಿ ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಚಡ್ಡಿ ಕಳಿಸಿದ ವಿಷಯ ಇದೆ. ಇನ್ನೊಂದರಲ್ಲಿ ಕ್ಲಾಡಿಯಾ ಸೆವೆರಾ ಅನ್ನುವ ಹೆಂಗಸು ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಮತ್ತೊಂದರಲ್ಲಿ ಬ್ರಿಟನ್ನರನ್ನು ಕೀಳಾಗಿ ‘ಬ್ರಿತ್ತುಂಕುಲಿ’ ಅಂದಿದ್ದಾರೆ. ಚಳಿಗೆ ಕಾಲುಚೀಲ ಕಾಯುವ ಹುಡುಗ, ಜೊತೆಯವರ ಬಾಯಲ್ಲಿ ಆ ಬೈಗುಳ. ಅವನು ಯಾರ ಕಡೆ ನಿಲ್ಲುತ್ತಾನೆ ಅನ್ನುವುದು ಆಗ ಕಷ್ಟದ ಪ್ರಶ್ನೆ ಆಗುತ್ತದೆ.

ಮುಕ್ತಾಯಕ್ಕೆ ಗೋಡೆ ಬೇಡ, ಲಂಡನ್ ಇದೆ. ಬೌಡಿಕಾ ಮೊದಲು ಕೋಲ್ಚೆಸ್ಟರನ್ನು, ಆಮೇಲೆ ಲಂಡನ್ನನ್ನು ಸುಟ್ಟಳು. ಈಗಲೂ ಆ ಊರಿನಲ್ಲಿ ಆಳಕ್ಕೆ ಅಗೆದಾಗ ಆ ಬೆಂಕಿಯ ಕೆಂಪು ಮಣ್ಣಿನ ಪದರ ಸಿಗುತ್ತದೆ. ಇನ್ನೊಂದು ವಿಷಯ. ಬೌಡಿಕಾಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ರೋಮನ್ನರು ತಾಯಿಗೆ ಚಾಟಿಯಲ್ಲಿ ಹೊಡೆದರು, ಮಕ್ಕಳ ಮೇಲೆ ಕೈ ಹಾಕಿದರು. ದಂಗೆಗೆ ಕಿಡಿ ಬಿದ್ದದ್ದು ಅಲ್ಲಿ. ಆ ಹುಡುಗಿಯರ ಹೆಸರನ್ನು ಆ ಕಾಲದ ಇತಿಹಾಸಕಾರರು ಒಬ್ಬರೂ ಬರೆದಿಡಲಿಲ್ಲ. ನಿನ್ನ ಹುಡುಗಿಗೂ ನೀನು ಇನ್ನೂ ಹೆಸರಿಟ್ಟಿಲ್ಲ, ನಾಲ್ಕೂ ಅಧ್ಯಾಯದಲ್ಲಿ ‘ಅವಳು’ ಅಂತಲೇ ಇದೆ. ಐದನೆಯದನ್ನು ಹೆಸರಿಟ್ಟು ಕಳಿಸು.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಮನುಷ್ಯ ಪ್ರಾಣಿಯಾಗುವ ವಿದೇಶಿ ಕಥೆಗಳನ್ನೇ ಓದುತ್ತಾಳೆ. ನಮ್ಮದೆಲ್ಲ ಮರೆತುಹೋಗುತ್ತೆ ಅಂತ ಭಯ. ಬಿಡಿಸುವುದು ಹೇಗೆ?
ಒಬ್ಬ ತಂದೆ, ಕುವೆಂಪುನಗರ, ಮೈಸೂರು

ಉತ್ತರ: ಬಿಡಿಸಬೇಡಿ ಸಾರ್. ನೀವಿರುವ ಊರಿನ ಹೆಸರೇ ರೂಪ ಬದಲಿಸುವವನಿಂದ ಬಂದದ್ದು. ಈ ಭಾನುವಾರ ಮಗಳನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಮಹಿಷಾಸುರನ ಪ್ರತಿಮೆ ಮುಂದೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ತೋರಿಸಿ ಫೋಟೊ ತೆಗೆದು ಮುಗಿಸಬೇಡಿ. ದೇವೀ ಮಹಾತ್ಮೆಯಲ್ಲಿ ಬರುವ ಹಾಗೆ ಪೂರ್ತಿ ಹೇಳಿ. ದೇವಿ ಪಾಶ ಹಾಕಿದಾಗ ಕೋಣ ಸಿಂಹವಾಯಿತು. ಸಿಂಹದ ತಲೆ ಕಡಿಯುವಾಗ ಕತ್ತಿ ಹಿಡಿದ ಮನುಷ್ಯನಾದ. ಅವನಿಗೆ ಬಾಣ ಬಿಟ್ಟರೆ ಆನೆಯಾದ. ಸೊಂಡಿಲು ಕಡಿದರೆ ಮತ್ತೆ ಕೋಣ. ಕೊನೆಗೆ ಕೋಣದ ಬಾಯಿಂದ ತನ್ನ ರೂಪದಲ್ಲಿ ಅರ್ಧ ಹೊರಗೆ ಬಂದಿದ್ದ, ಇನ್ನರ್ಧ ಒಳಗೇ ಇತ್ತು. ಸಿಕ್ಕಿಬಿದ್ದದ್ದು ಆಗ. ಇಷ್ಟು ಹೇಳಿ, ಮೆಟ್ಟಿಲು ಇಳಿಯುವಾಗ ಅವಳ ಪುಸ್ತಕದಲ್ಲಿ ಯಾರು ಏನಾಗುತ್ತಾರೆ, ಹೇಗೆ ಮರಳಿ ಬರುತ್ತಾರೆ ಅಂತ ಕೇಳಿ. ಸಾವಿರ ಮೆಟ್ಟಿಲಿದೆ, ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತೆ.